ದೌಲಪ್ಪನ ಚಿತ್ರ ಎದ್ದು ನಡೆದದ್ದು

ನಮ್ಮ ಕಚೇರಿಯ ದೌಲಪ್ಪ ನಲವತ್ತೇಳನೆಯ ವಯಸ್ಸಿನಲ್ಲಿ ವಿದ್ಯಾರ್ಥಿಯಾದ. ಇದಕ್ಕೆ ಹೊಣೆ ಯಾರು ಎಂದು ಕೇಳಿದರೆ ನಾನು ನೇರವಾಗಿ ನಮ್ಮ ಸಾಹೇಬರ ಕಡೆಗೆ ಬೆರಳು ತೋರಿಸುತ್ತೇನೆ. ಆ ವರ್ಷ ರಾಜ್ಯೋತ್ಸವಕ್ಕೆ ದೌಲಪ್ಪ ಕಚೇರಿಯ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಒಂದು ಆನೆ ಬರೆದಿದ್ದ. ಸಾಹೇಬರು ಅದರ ಮುಂದೆ ನಿಂತು, "ಏನ್ ಚಂದ ಬರ್ದೀರಿ ದೌಲಪ್ಪ! ಈಗ ಎದ್ದು ನಡೀತದೇನೋ ಅನಸ್ತದ" ಎಂದು ಹೇಳಿ ಚಹಾ ಕುಡಿಯಲು ಹೋದರು. ದೌಲಪ್ಪ ಅಲ್ಲೇ ನಿಂತುಬಿಟ್ಟ. ಇಷ್ಟು ವರ್ಷದ ನೌಕರಿಯಲ್ಲಿ ಸಾಹೇಬರ ಬಾಯಿಂದ ಅವನು ಕೇಳಿದ ಮೊದಲ ಹೊಗಳಿಕೆ ಅದು. ಅಭ್ಯಾಸವಿಲ್ಲದ ಕಾರಣ ಅವನು ಅದನ್ನು ಆದೇಶವೆಂದು ತಿಳಿದುಕೊಂಡ.

ಮರುವಾರ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರದಲ್ಲಿ ಒಂದು ಟೈರ್ ಅಂಗಡಿಯ ಮಹಡಿಯ ಮೇಲೆ ಹೊಸ ಬೋರ್ಡು ಬಿದ್ದಿತ್ತು: 'ಅನಿಮೇಶನ್ ಕಲಿಯಿರಿ. ವಯಸ್ಸಿನ ಮಿತಿ ಇಲ್ಲ.' ಎರಡು ಸಾವಿರದ ಮೂರನೆಯ ಇಸವಿ. ಊರಲ್ಲಿ ಎಲ್ಲರೂ ಏನಾದರೊಂದು ಕಂಪ್ಯೂಟರ್ ಕೋರ್ಸಿಗೆ ಮಕ್ಕಳನ್ನು ಸೇರಿಸುತ್ತಿದ್ದರು. ದೌಲಪ್ಪನಿಗೆ ಮಕ್ಕಳಿರಲಿಲ್ಲ. ತಾನೇ ಹೋಗಿ ಸೇರಿಕೊಂಡ. ಮರುದಿನ ಊಟದ ಹೊತ್ತಿನಲ್ಲಿ ಎದ್ದು ನಿಂತು ಇಡೀ ಕಚೇರಿಗೆ ಘೋಷಣೆ ಮಾಡಿದ.

"ಆರು ತಿಂಗಳು ತಡೀರಿ. ನಾ ಬರದ ಮನುಷ್ಯಾ ಹಾಳಿ ಮ್ಯಾಲಿಂದ ಎದ್ದು ನಡೀಲಿಲ್ಲ ಅಂದ್ರ ನನ್ನ ಹೆಸರು ದೌಲಪ್ಪನೇ ಅಲ್ಲ!"

ಕಚೇರಿಯಲ್ಲಿ ಅವನ ಪಕ್ಕದ ಮೇಜು ನನ್ನದು. ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವನ ಪಕ್ಕದ ಮನೆಯೂ ನನ್ನದೇ. ಅಂದರೆ ದೌಲಪ್ಪನಿಂದ ನನಗೆ ರಜೆ ಎಂಬುದಿಲ್ಲ. ನಾನು ಗೋಪಾಲರಾವ್, ಮುಂದಿನ ಎಲ್ಲದಕ್ಕೂ ಸಾಕ್ಷಿ.

ಕ್ಲಾಸು ನಡೆಸುತ್ತಿದ್ದವನು ಮಕ್ಬೂಲ್ ಎಂಬ ಹುಡುಗ. ಹೈದರಾಬಾದಿನಲ್ಲಿ ಕಲಿತು ಬಂದವನು, ವಯಸ್ಸು ಇಪ್ಪತ್ತಾರೋ ಏಳೋ. ದೌಲಪ್ಪ ಅವನನ್ನು 'ಸರ್' ಎನ್ನುತ್ತಿದ್ದ, ಅವನು ದೌಲಪ್ಪನನ್ನು 'ಅಂಕಲ್' ಎನ್ನುತ್ತಿದ್ದ. ಮೊದಲ ದಿನವೇ ದೌಲಪ್ಪ ಹೊಸ ಪೆನ್ಸಿಲ್ ಚೂಪು ಮಾಡಿಕೊಂಡು, "ಸರ್, ಆನಿಯಿಂದ ಸುರು ಮಾಡೋಣ್ರಿ?" ಎಂದು ಕೇಳಿದ.

"ಆನಿ ಬ್ಯಾಡ ಅಂಕಲ್. ಪೈಲೇ ಚೆಂಡು."

"ಚೆಂಡು ನನಗ ಬರ್ತದ್ರಿ. ದುಂಡಗ ಇರ್ತದ."

"ದುಂಡಗ ಬರ್ಯೋದು ಎಲ್ಲರಿಗೂ ಬರ್ತದ. ಅದು ಕೆಳಗ ಬೀಳಬೇಕು, ಬಿದ್ದಾಗ ಜರಾ ಚಪ್ಪಟಿ ಆಗಬೇಕು, ಪುಟದು ಮ್ಯಾಲ ಹೋಗಬೇಕು, ಮ್ಯಾಲ ಹೋದಾಂಗ ಸಾವಕಾಶ ಆಗಬೇಕು. ಚೆಂಡು ಆದ ಮ್ಯಾಲ ಹಿಟ್ಟಿನ ಚೀಲ. ಚೀಲ ಆದ ಮ್ಯಾಲ ಮನುಷ್ಯಾನ ನಡಿಗಿ. ಒಂದು ಪಾಠ ಬಿಟ್ಟು ಇನ್ನೊಂದಕ್ಕ ಹೋಗಂಗಿಲ್ಲ ನೋಡ್ರಿ."

ಇದರ ಪರಿಣಾಮವನ್ನು ಅನುಭವಿಸಿದವರು ಓಣಿಯವರು. ದೌಲಪ್ಪ ಕಚೇರಿಯಿಂದ ಬಂದವನೇ ಗೋಡೆಗೆ ಚೆಂಡು ಎಸೆಯುತ್ತ ಕೂಡುತ್ತಿದ್ದ. ಅದು ಪುಟಿದಾಗ 'ಚಪ್ಪಟಿ ಆತು, ಚಪ್ಪಟಿ ಆತು' ಎಂದು ಕೂಗುತ್ತಿದ್ದ. ಆ ಗೋಡೆ ನನ್ನ ಮನೆಯದು. ನನ್ನ ಹೆಂಡತಿ ಮಥುರಾಬಾಯಿಗೆ ಆಕಾಶವಾಣಿಯ ಕೆಲಸ ಸಿಗಬೇಕಿತ್ತು, ಸಿಗಲಿಲ್ಲ, ಆದರೂ ಆ ಸೇವೆಯನ್ನು ಅವಳು ಸಂಬಳವಿಲ್ಲದೆ ಮಾಡುತ್ತಾಳೆ. "ಅಗ ಬಾಯಿ! ದೌಲಪ್ಪನೋರು ಸಣ್ಣ ಹುಡುಗ ಆಗ್ಯಾರ!" ಎಂದು ಸಂಜೆಯೊಳಗೆ ಗುಡಿಯ ಆಚೆಯವರೆಗೂ ತಿಳಿಸಿ ಬಂದಳು.

ಚೆಂಡು ಪಾಸಾಯಿತು. ಹಿಟ್ಟಿನ ಚೀಲದ ಪಾಠ ಬಂತು. ಕೈಕಾಲಿಲ್ಲದ, ಮುಖವಿಲ್ಲದ ಒಂದು ಚೀಲಕ್ಕೆ ಸಿಟ್ಟು, ಖುಷಿ, ದಣಿವು ಎಲ್ಲ ಬರಿಸಬೇಕಂತೆ. ದೌಲಪ್ಪ ಮನೆಯ ಜೋಳದ ಹಿಟ್ಟಿನ ಚೀಲವನ್ನೇ ತಂದು ಅಂಗಳದಲ್ಲಿ ಕೂಡಿಸಿದ, ಬೀಳಿಸಿದ, ಬಗ್ಗಿಸಿದ. ಅದರ ಕಿವಿ ಹಿಡಿದು, "ಸಿಟ್ಟಿಗಿ ಬಾ, ಸಿಟ್ಟಿಗಿ ಬಾ" ಎಂದು ಬೇಡಿಕೊಂಡ. ಚೀಲಕ್ಕೆ ಸಿಟ್ಟು ಬರುವ ಮೊದಲು ಅವನ ಹೆಂಡತಿ ಭಾಗಮ್ಮನಿಗೆ ಬಂತು. ಆ ವಾರ ಅವರ ಮನೆಯಲ್ಲಿ ರೊಟ್ಟಿ ಬಡಿಯಲು ಹಿಟ್ಟೇ ಇರಲಿಲ್ಲ, ಎಲ್ಲ ಅಂಗಳದಲ್ಲಿತ್ತು. ದೌಲಪ್ಪ ನಮ್ಮ ಮನೆಯಲ್ಲಿ ಚಪಾತಿ ತಿಂದು, ಭಾಗಮ್ಮ ನಿಂತ ಭಂಗಿಯನ್ನು ನೆನಪಿಟ್ಟು ಚೀಲಕ್ಕೆ ಹಾಕಿದ. ಮಕ್ಬೂಲ್ ಅದನ್ನು ನೋಡಿ, "ಕ್ಯಾ ಗುಸ್ಸಾ ಹೈ! ಏನ್ ಸಿಟ್ಟು!" ಎಂದು ಬೆನ್ನು ತಟ್ಟಿದನಂತೆ.

ತೊಡಕು ಬಂದದ್ದು ನಡಿಗೆಯಲ್ಲಿ. ಒಂದು ಸೆಕೆಂಡಿನ ನಡಿಗೆಗೆ ಇಪ್ಪತ್ನಾಲ್ಕು ಚಿತ್ರ ಬೇಕು. ದೌಲಪ್ಪ ರಾಶಿ ರಾಶಿ ಬರೆದು ಒಯ್ದ. ಮಕ್ಬೂಲ್ ಅವನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿ ಪ್ರತಿ ಸಲವೂ ತಲೆ ಅಲ್ಲಾಡಿಸಿದ.

"ಇದು ನಡ್ಯಾಂಗಿಲ್ಲ ಅಂಕಲ್, ತೇಲ್ತದ. ಮೈಯಾಗ ಭಾರನೇ ಇಲ್ಲ. ಹಿಮ್ಮಡಿ ಊರಬೇಕು, ಊರಿದಾಗ ಮೈ ಇಳೀಬೇಕು, ಇನ್ನೊಂದು ಕಾಲು ದಾಟಬೇಕು, ದಾಟಿದಾಗ ಮೈ ಏಳಬೇಕು. ಹೊರಗ ಹೋಗ್ರಿ, ಮಂದಿ ಹೆಂಗ ನಡೀತಾರ ನೋಡ್ರಿ."

ದೌಲಪ್ಪ ಹೊರಗೆ ಹೋದ. ಅವನು ಹೊರಗೆ ಹೋದ ನಾಲ್ಕನೆಯ ದಿನ ನನಗೆ ಪೊಲೀಸ್ ಚೌಕಿಯಿಂದ ಕರೆ ಬಂತು.

ಹೋಗಿ ನೋಡಿದರೆ ದೌಲಪ್ಪ ಬೆಂಚಿನ ಮೇಲೆ ಕೂತಿದ್ದಾನೆ, ಎದುರಿಗೆ ಜಮಾದಾರ ಮೈಬೂಬಸಾಬರು ಬೆವರು ಒರೆಸಿಕೊಳ್ಳುತ್ತ ನಿಂತಿದ್ದಾರೆ. ದೌಲಪ್ಪ ಕೆರೆಯ ಏರಿಯಿಂದ ಬಜಾರದವರೆಗೆ ಬೇರೆ ಯಾರೂ ಸಿಗದವನಂತೆ ಜಮಾದಾರರ ಹಿಂದೆಯೇ ನಡೆದಿದ್ದ. ಬರೀ ನಡೆದಿದ್ದರೆ ಚಿಂತೆಯಿರಲಿಲ್ಲ, ಅವರಂತೆಯೇ ನಡೆದಿದ್ದ. ಬಜಾರವೆಲ್ಲ ನಿಂತು ನಕ್ಕಿತ್ತು.

"ನೋಡ್ರಿ ರಾವ್ ಸಾಬ್, ಇವರು ನಿಮ್ಮ ದೋಸ್ತರಂತ. ಇವರಿಗಿ ತಲಿ ಸರಿ ಅದೇನು?"

"ಸರಿ ಅದ್ರಿ. ಕಲೀಲಾಕತ್ತಾರ" ಎಂದೆ.

"ನಡೀಲಾಕ ಕಲೀಲಾಕತ್ತಾರಾ? ಈ ವಯಸ್ಸಿನಾಗ?"

ದೌಲಪ್ಪ ಎದ್ದು ನಿಂತು ಕೈಮುಗಿದು, ಹಿಮ್ಮಡಿಯಿಂದ ಹಿಡಿದು ಇಡೀ ಪಾಠ ಒಪ್ಪಿಸಿದ. ಜಮಾದಾರರು ಗಲ್ಲ ಕೆರೆದುಕೊಂಡರು. ಆಮೇಲೆ ಬಾಗಿಲು ಅರ್ಧ ಮುಚ್ಚಿ ಸಣ್ಣ ದನಿಯಲ್ಲಿ, "ಮತ್ತ ನಂದು ಹೆಂಗ ಅದ?" ಎಂದು ಕೇಳಿದರು.

"ನಿಮ್ಮ ಹೊಟ್ಟಿ ಮೊದಲ ಬರ್ತದ್ರಿ. ನೀವು ಆಮ್ಯಾಲ ಬರ್ತೀರಿ."

ಚೌಕಿಯಲ್ಲಿದ್ದ ಪೇದೆಗಳೆಲ್ಲ ಗೋಡೆಯ ಕಡೆ ಮುಖ ತಿರುಗಿಸಿದರು. ಜಮಾದಾರರು ದೊಡ್ಡ ಮನುಷ್ಯರು, ನಕ್ಕು ಬಿಟ್ಟುಬಿಟ್ಟರು. ದೌಲಪ್ಪ ಮಾತ್ರ ಆ ನಡಿಗೆ ಮಕ್ಬೂಲನಿಗೆ ಒಪ್ಪಿಗೆಯಾಗಲಿಲ್ಲವೆಂದು ವಾರವೆಲ್ಲ ಮುಖ ಸಪ್ಪೆ ಮಾಡಿಕೊಂಡಿದ್ದ. ಹೊಟ್ಟೆ ಚೆನ್ನಾಗಿ ಬಂದಿತ್ತಂತೆ, ಕಾಲು ಇನ್ನೂ ತೇಲುತ್ತಿದ್ದವಂತೆ.

ಇದರ ನಡುವೆ ಕಮಲಾಪುರದಿಂದ ಒಂದು ಸಂಬಂಧ ಬಂತು. ಭಾಗಮ್ಮನ ಅಣ್ಣನ ಮಗ ದೇವೀಂದ್ರಪ್ಪ ತಂದೆತಾಯಿ ಇಲ್ಲದೆ ಇವರ ಮನೆಯಲ್ಲೇ ಬೆಳೆದವನು. ಕುಸನೂರ ಶಾಲೆಯಲ್ಲಿ ಮಾಸ್ತರ. ದೌಲಪ್ಪ ದಂಪತಿಗೆ ಮಗ ಎಂದರೆ ಅವನೇ. ಹುಡುಗಿ ನೀಲಗಂಗಾ, ಕೆಂಪು ಬಾಳೆಯ ತೋಟವಿದ್ದ ಸಾಯಬಣ್ಣನವರ ಮಗಳು. ಪಿಯುಸಿ ಮುಗಿಸಿ ಅಪ್ಪನ ಜೊತೆ ತೋಟ ನೋಡಿಕೊಂಡಿದ್ದಳು. ಒಂದು ಭಾನುವಾರ ಜೀಪು ಮಾಡಿಕೊಂಡು ಹೊರಟೆವು. ಜೀಪಿನಲ್ಲಿ ಜಾಗ ಉಳಿದಿತ್ತೆಂದು ನನ್ನನ್ನೂ ನನ್ನ ಹೆಂಡತಿಯನ್ನೂ ಹತ್ತಿಸಿಕೊಂಡರು.

ನಮ್ಮ ಕಡೆ ಹೆಣ್ಣು ನೋಡಲು ಹೋದಾಗ ಹೆಸರು ಕೇಳುತ್ತಾರೆ, ಓದು ಕೇಳುತ್ತಾರೆ, ಕೊನೆಗೆ 'ನಾಕು ಹೆಜ್ಜಿ ನಡದು ತೋರಸವ್ವಾ' ಎನ್ನುತ್ತಾರೆ. ಕಾಲು ನೆಟ್ಟಗಿವೆಯೋ ಇಲ್ಲವೋ ಎಂಬ ಪರೀಕ್ಷೆ ಇದು. ಎಂಥ ಅಸಹ್ಯದ ಪದ್ಧತಿ ಎಂದು ನನಗೆ ಮೊದಲಿನಿಂದಲೂ ಅನ್ನಿಸಿದೆ, ಆದರೆ ಬೇಸನ್ ಉಂಡಿ ತಿನ್ನುತ್ತ ಯಾರೂ ಅದನ್ನು ಹೇಳುವುದಿಲ್ಲ. ಹುಡುಗಿ ನಡೆಯುತ್ತಾಳೆ, ಹಿರಿಯರು ತಲೆಯಾಡಿಸುತ್ತಾರೆ, ನಿಜವಾಗಿ ಯಾರೂ ನೋಡುವುದಿಲ್ಲ. ನಮ್ಮ ಸೀಮೆಯ ಚರಿತ್ರೆಯಲ್ಲಿ ನಿಜವಾಗಿ ನೋಡಿದವನು ದೌಲಪ್ಪ ಒಬ್ಬನೇ.

ನೀಲಗಂಗಾ ಪಡಸಾಲೆಯ ಆ ತುದಿಯಿಂದ ಈ ತುದಿಗೆ ನಡೆದಳು. ಬಾಳೆಗೊನೆ ಹೊತ್ತು ಬದುವಿನ ಮೇಲೆ ನಡೆದು ಬೆಳೆದ ಹುಡುಗಿ. ಹೆಜ್ಜೆ ಗಟ್ಟಿಯಾಗಿ ನೆಲಕ್ಕೆ ಊರುತ್ತಿತ್ತು. ನಾನು ಉಂಡಿ ಮುರಿಯುತ್ತಿದ್ದೆ. ಪಕ್ಕದಲ್ಲಿ ದೌಲಪ್ಪ ಉಸಿರು ಬಿಗಿಹಿಡಿದದ್ದು ಕೇಳಿಸಿತು.

"ಇನ್ನೊಮ್ಮೆ ನಡಿಯವ್ವಾ" ಎಂದ.

ಅವಳು ನಡೆದಳು. ದೌಲಪ್ಪ ಜೇಬಿನಿಂದ ಹಾಳೆ, ಪೆನ್ಸಿಲ್ ತೆಗೆದ.

"ಇನ್ನೊಮ್ಮೆ. ಜರಾ ಸಾವಕಾಶ."

ಪಡಸಾಲೆಯಲ್ಲಿ ಚಹಾ ಹೀರುವ ಸದ್ದು ನಿಂತಿತು. ಆಗ ದೌಲಪ್ಪ ಜಮಖಾನೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟ. ಬಲಗೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ, ಹುಡುಗಿಯ ಹಿಮ್ಮಡಿಯನ್ನೇ ನೋಡತೊಡಗಿದ. ನೀಲಗಂಗಾ ನಿಂತಳು.

"ಕಾಕಾ, ಏನರ ಬಿದ್ದದೇನ್ರಿ?"

"ಏನೂ ಬಿದ್ದಿಲ್ಲವ್ವಾ, ನೀ ನಡಿ. ಎಡಗಾಲು... ಇಳೀತು... ದಾಟ್ತು... ಎಡಗಾಲ ಇನ್ನೊಮ್ಮೆ ನೋಡಬೇಕು!"

ಭಾಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ದೇವೀಂದ್ರಪ್ಪ ಮೇಲಿನ ಜಂತಿ ಎಣಿಸತೊಡಗಿದ. ಸಾಯಬಣ್ಣನವರು ರುಮಾಲು ಸರಿಪಡಿಸಿಕೊಂಡು ಎದ್ದರು.

"ಯಾಕ್ರಿ ಬೀಗರ? ಎಡಗಾಲಾಗ ಏನರ ಊನ, ಐಬು ಕಂಡದೇನು?"

ದೌಲಪ್ಪನ ಬಾಯಲ್ಲಿ ಪೆನ್ಸಿಲ್ ಇತ್ತು. ಎಣಿಕೆ ತಪ್ಪುತ್ತದೆಂದು ಸುಮ್ಮನಿರಿ ಎಂಬಂತೆ ಕೈ ಎತ್ತಿದ. ನಂತರ ಹಾಳೆಗಳನ್ನು ಕೂಡಿಸಿಕೊಂಡು ಎದ್ದು, ಮೈಗೆ ಹತ್ತಿದ ಧೂಳು ಕೊಡವಿ, ಬಹಳ ಗಂಭೀರವಾಗಿ ಹೇಳಿದ.

"ಈಗೇ ಏನೂ ಹೇಳ್ಲಾಕ ಬರಂಗಿಲ್ಲ. ನಮ್ಮ ಸರ್‌ಗ ತೋರಿಸಿ ಕೇಳ್ತೀನಿ."

ಸರ್ ಎಂದರೆ ಟೈರ್ ಅಂಗಡಿಯ ಮೇಲಿನ ಮಕ್ಬೂಲ್ ಎಂದು ಕಮಲಾಪುರಕ್ಕೆ ಹೇಗೆ ಗೊತ್ತಾಗಬೇಕು? ಯಾರೋ ಎಲುಬಿನ ದೊಡ್ಡ ಡಾಕ್ಟರು ಎಂದುಕೊಂಡರು. ಜೀಪು ಹತ್ತಿದ ಮೇಲೆ ಭಾಗಮ್ಮ ಗಂಡನನ್ನು ಚಿವುಟಿ, "ಏನ್ ಕಂಡ್ರಿ? ಖರೇ ಹೇಳ್ರಿ" ಎಂದಳು. ದೌಲಪ್ಪ ಕಿಟಕಿಯಿಂದ ಆಚೆ ನೋಡುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು, "ಭಾಗೂ, ಇಂಥಾ ನಡಿಗಿ ನಾ ಎಲ್ಲೂ ನೋಡಿಲ್ಲ" ಎಂದ. ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಭಾಗಮ್ಮನೂ ಅತ್ತಳು. ನನ್ನ ಹೆಂಡತಿ ಹಿಂದಿನ ಸೀಟಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಳು.

ಇನ್ನು ಹೇಳುವುದೇನಿದೆ? ವಾರದೊಳಗೆ 'ಕಮಲಾಪುರದ ಹುಡುಗಿಗೆ ಎಡಗಾಲಲ್ಲಿ ಐಬಿದೆ' ಎಂಬುದು ಸಿದ್ಧವಾದ ಸಂಗತಿಯಾಯಿತು. ಮಥುರಾಬಾಯಿಯನ್ನು ನಾನು ಗದರಿಸಿದೆ. "ನಾ ಸುಳ್ಳ ಏನ್ ಹೇಳೀನಿ? ಮಲಗಿ ನೋಡಿದ್ರು ಅಂದೆ. ಮಲಗಿಲ್ಲೇನು?" ಎಂದಳು.

ದೌಲಪ್ಪನಿಗೆ ಇದಾವುದರ ಪರಿವೆಯಿಲ್ಲ. ಅವನು ಸಂಜೆಯೆಲ್ಲ ಆ ಹಾಳೆಗಳ ಮೇಲೆ ಬಗ್ಗಿರುತ್ತಿದ್ದ. ಅವನ ಬಳಿ ಜನ ಬರತೊಡಗಿದರು. ನೆಹರು ಗಂಜಿನ ದಲಾಲರೊಬ್ಬರು ಬಂದು, "ನೀವು ನಡಿಗಿ ಭಾಳ ಬಾರೀಕ ನೋಡ್ತೀರಂತ. ನಾಳಿ ತಾಜಸುಲ್ತಾನಪುರಕ್ಕ ನಮ್ಮ ಜೋಡಿ ಬರ್ರಿ" ಎಂದು ಕರೆದರು. ದೌಲಪ್ಪ ಉಬ್ಬಿಹೋದ.

"ನೋಡಿದ್ರಿ ಗೋಪಾಲರಾವ್? ಕಲಬುರಗಿ ಮಂದಿಗಿ ಕಲಾ ಅಂದ್ರ ಏನಂತ ಈಗ ತಿಳೀಲಾಕತ್ತದ!"

ದಲಾಲರು ತಮ್ಮ ಮಗನಿಗೆ ನೋಡಿದ್ದ ತಾಜಸುಲ್ತಾನಪುರದ ಹುಡುಗಿ ನಡೆದಳು. ದೌಲಪ್ಪ ಒಂದೇ ಸಲ ನೋಡಿ, ನಿರಾಸೆಯಿಂದ ಪೆನ್ಸಿಲ್ ಒಳಗಿಟ್ಟು, "ಇದರಾಗ ನೋಡೋದು ಏನೂ ಇಲ್ರಿ" ಎಂದ. ಕೂಡಲೇ ಮದುವೆ ಗಟ್ಟಿಯಾಯಿತು. ಅವನಿಗೆ ಶಾಲು ಹೊದಿಸಿದರು. ಅಲ್ಲಿಗೆ ಜನರ ಲೆಕ್ಕ ಪೂರ್ತಿಯಾಯಿತು: ತಾಜಸುಲ್ತಾನಪುರದವಳನ್ನು ಒಂದೇ ನೋಟಕ್ಕೆ ಪಾಸು ಮಾಡಿದವರು ಕಮಲಾಪುರದವಳನ್ನು ನೆಲದ ಮೇಲೆ ಮಲಗಿ ನೋಡಿದ್ದಾರೆಂದರೆ, ಅಲ್ಲಿ ಏನೋ ದೊಡ್ಡದೇ ಇದೆ.

ಒಂದು ದಿನ ಬೆಳಿಗ್ಗೆ ನಾನು ದೌಲಪ್ಪನ ಮನೆಯಲ್ಲಿದ್ದಾಗ ಸಾಯಬಣ್ಣನವರು ಬಂದರು. ಕೂಗಾಡಲಿಲ್ಲ. ಕೊಟ್ಟ ನೀರು ಕುಡಿಯಲಿಲ್ಲ. ನಿಂತೇ ಮಾತಾಡಿದರು.

"ಬೀಗರ ಅನ್ನಲಾಕ ಈಗ ಬಾಯಿ ಬರವಲ್ದು. ಬೀದರ ಕಡಿಂದ ಒಂದು ಸಂಬಂಧ ಬಂದಿತ್ತು. ಕಲಬುರಗಿ ಪರಿಣತರು ಐಬು ಹಿಡದಾರಂತ ತಿಳದು ಅವರೂ ಹಿಂದ ಸರದ್ರು. ನನ್ನ ಮಗಳು ಹೊರಗ ಬಂದ್ರ ಮಂದಿ ಮಾರಿ ನೋಡಂಗಿಲ್ಲ, ಕಾಲು ನೋಡ್ತಾರ. ತೋಟಕ್ಕ ಹೋಗೋದು ಬಿಟ್ಟಾಳ. ನಿಮಗ ಒಪ್ಪಿಗಿ ಇಲ್ಲಂದ್ರ ಇಲ್ಲ ಅನ್ನಬೇಕಿತ್ತು. ಹೆಣ್ಣುಮಗಳ ಇಜ್ಜತ್ ಯಾಕ ನೆಲಕ್ಕ ಹಾಕಿದ್ರಿ?"

ದೌಲಪ್ಪ ನನ್ನ ಮುಖ ನೋಡಿದ, ಭಾಗಮ್ಮನ ಮುಖ ನೋಡಿದ. ಶಾಲು ಯಾಕೆ ಹೊದಿಸಿದರು, ಜನ ಯಾಕೆ ಕರೆದರು ಎಂಬುದೆಲ್ಲ ಅವನಿಗೆ ಆಗ ಒಮ್ಮೆಲೇ ಹೊಳೆಯಿತು.

"ಅಣ್ಣಾರ, ಐಬು ಇಲ್ರಿ! ದೇವರಾಣಿ ಇಲ್ಲ! ನಾ ಕಲೀಲಾಕ ನೋಡಿದ್ದು. ಅಂಥಾ ನಡಿಗಿ..."

"ನಾ ನಂಬ್ತೀನಿ. ಊರು ನಂಬಬೇಕಲ್ಲ? ಈಗ ನೀವು ಬಂದು ಹೇಳಿದ್ರ, ಮುಚ್ಚಿಹಾಕ್ಲಾಕ ಹೇಳ್ತಾರ ಅಂತಾರ. ಮತ್ತ ನನ್ನ ಮಗಳೂ ಹೇಳ್ಯಾಳ. ನೆಲಕ್ಕ ಮಲಗಿ ಕಾಲು ನೋಡೋರ ಮನೀಗಿ ಹೋಗಂಗಿಲ್ಲಂತ."

ಬಾಗಿಲ ಬಳಿ ನಿಂತಿದ್ದ ದೇವೀಂದ್ರಪ್ಪ ಎಂದೂ ಹಿರಿಯರ ಮುಂದೆ ಬಾಯಿಬಿಟ್ಟವನಲ್ಲ. ಅವತ್ತು ಬಿಟ್ಟ. "ಮಾಮಾ, ನನಗ ಆಕಿ ಮನಸಿಗಿ ಬಂದಾಳ. ಆದ್ರ ಆಕಿನ್ನೇ ಆಗ್ತೀನಿ, ಇಲ್ಲಂದ್ರ ಇಲ್ಲ."

ದೌಲಪ್ಪ ಶಾಲನ್ನು ಗೂಟದಿಂದ ತೆಗೆದು ಮಡಚಿ ಒಳಗಿಟ್ಟು ಬಂದ. "ಅಣ್ಣಾರ, ನನಗ ಒಂದು ಹದಿನೈದು ದಿನ ಕೊಡ್ರಿ. ಬಾಯಿಲೆ ಹೇಳಂಗಿಲ್ಲ. ಊರ ಮುಂದ ತೋರಸ್ತೀನಿ" ಎಂದ.

ಆ ಹದಿನೈದು ದಿನ ಅವನು ಮನುಷ್ಯರಂತೆ ಇರಲಿಲ್ಲ. ಕಚೇರಿಗೆ ರಜೆ ಹಾಕಿದ. ಬರೆದದ್ದನ್ನು ಒರೆಸಿದ, ಒರೆಸಿದ್ದನ್ನು ಬರೆದ. ಓಣಿಯಲ್ಲಿ ಹೋಗುವವರನ್ನು ನೋಡುವುದನ್ನು ಬಿಟ್ಟು ಕಣ್ಣುಮುಚ್ಚಿ ಕೂಡುತ್ತಿದ್ದ. ಭಾಗಮ್ಮ ಬಾಯಿಗೆ ರೊಟ್ಟಿ ಮುರಿದು ಇಡುತ್ತಿದ್ದಳು. ನನ್ನ ಹೆಂಡತಿ ಪಶ್ಚಾತ್ತಾಪದಿಂದ ಅವನ ಪೆನ್ಸಿಲ್ಲುಗಳನ್ನೆಲ್ಲ ಚೂಪು ಮಾಡಿಕೊಟ್ಟಳು, ಬಾಯಿ ಮುಚ್ಚಿಕೊಂಡು. ಕೊನೆಗೆ ನಾನೇ ಅವನ ಜೊತೆ ಕ್ಲಾಸಿಗೆ ಹೋದೆ. ಮಕ್ಬೂಲ್ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ಓಡಿಸಿದ. ಒಂದು ಸಲ ನೋಡಿದ. ಮತ್ತೊಮ್ಮೆ ನೋಡಿದ. ಕುರ್ಚಿಯಿಂದ ಎದ್ದು ನಿಂತ.

"ನಡೀತು ಅಂಕಲ್. ಭಾರ ಬಂತು. ಪಾಸ್."

ದೌಲಪ್ಪ ಆ ಹುಡುಗನ ಕಾಲಿಗೆ ಬಗ್ಗಿದ. ಹುಡುಗ ಗಾಬರಿಯಾಗಿ ಅವನ ಕಾಲಿಗೆ ಬಗ್ಗಿದ. ಇಬ್ಬರ ತಲೆಗಳೂ ಡಿಕ್ಕಿ ಹೊಡೆದವು.

ಮುಂದಿನ ಭಾನುವಾರ ಮತ್ತೆ ಜೀಪು. ಈ ಸಲ ಮಕ್ಬೂಲ್ ಸಿಡಿಯನ್ನೂ ಅದನ್ನು ಹಾಕುವ ಪೆಟ್ಟಿಗೆಯನ್ನೂ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ. ಸಾಯಬಣ್ಣನವರು ಟಿವಿಯನ್ನು ಅಂಗಳದ ಕಟ್ಟೆಗೆ ತಂದಿಟ್ಟಿದ್ದರು. ಐಬು ನೋಡಲು ಬಂದವರೋ ಟಿವಿ ನೋಡಲು ಬಂದವರೋ ತಿಳಿಯದು, ಅರ್ಧ ಕಮಲಾಪುರ ಅಲ್ಲಿತ್ತು. ನೀಲಗಂಗಾ ಬಾಗಿಲ ಚೌಕಟ್ಟಿಗೆ ಒರಗಿ, ಕೈ ಕಟ್ಟಿಕೊಂಡು ನಿಂತಿದ್ದಳು. ಮುಖದಲ್ಲಿ ಕ್ಷಮೆಯ ಸುಳಿವೂ ಇರಲಿಲ್ಲ.

ದೌಲಪ್ಪ ಎಲ್ಲರಿಗೂ ಕೈಮುಗಿದ.

"ಹಿರಿಯರ, ಅವ್ವಂದಿರ. ನಾ ಈ ಮನ್ಯಾಗ ಮಲಗಿದ್ದು ಐಬು ಹುಡಕ್ಲಾಕ ಅಲ್ಲ. ಮನುಷ್ಯಾ ಹೆಂಗ ನಡೀತಾನ ಅನ್ನೋ ಪಾಠ ನನಗ ತಿಂಗಳಾನುಗಟ್ಲೆ ಬಂದಿದ್ದಿಲ್ಲ. ಪೊಲೀಸರ ನಡಿಗ್ಯಾಗ ಸಿಗಲಿಲ್ಲ, ಗುಡಿ ಮುಂದಿನ ಮಂದ್ಯಾಗ ಸಿಗಲಿಲ್ಲ. ಈ ಹುಡುಗಿ ನಾಕು ಹೆಜ್ಜಿ ಇಟ್ಟಾಗ ಸಿಕ್ತು. ಕಲಿಸಿದಾಕಿನ್ನ ಕೇಳದೇ ಕಲ್ತೆ, ಅದು ನನ್ನ ತಪ್ಪು. ಈಗ ನೋಡ್ರಿ."

ಮಕ್ಬೂಲ್ ಗುಂಡಿ ಒತ್ತಿದ. ಪರದೆಯ ಮೇಲೆ ಒಂದು ಚೆಂಡು ಬಂದು ಬಿದ್ದಿತು, ಪುಟಿಯಿತು.

"ಇದೇನು, ಚೆಂಡು?" ಎಂದಿತು ಊರು.

"ಮೊದಲ ಚೆಂಡೇ ಇರ್ತದ" ಎಂದ ದೌಲಪ್ಪ.

ಆಮೇಲೆ ಚೀಲ ಬಂತು. ಸೊಂಟದ ಮೇಲೆ ಕೈಯಿಟ್ಟವರ ಹಾಗೆ ನಿಂತು ಸಿಟ್ಟಿನಿಂದ ಕುಪ್ಪಳಿಸಿತು. ಹೆಂಗಸರು ಬಿದ್ದು ಬಿದ್ದು ನಕ್ಕರು. ಭಾಗಮ್ಮ ಮಾತ್ರ ಅದು ಯಾರೆಂದು ಗುರುತು ಹಿಡಿದು ಗಂಡನನ್ನು ದಿಟ್ಟಿಸಿದಳು. ಹಿಂದೆ ಕೂತ ಮುದುಕರೊಬ್ಬರು, "ಚೀಲ ಹಿಂಗ ತಾನೇ ನಡೀಲಾಕ ಹತ್ತಿದ್ರ ಹಮಾಲರ ಗತಿ ಏನಪಾ?" ಎಂದು ಚಿಂತೆಗೆ ಬಿದ್ದರು.

ಕೊನೆಗೆ ಅವಳು ಬಂದಳು. ಬರೀ ಪೆನ್ಸಿಲ್ ಗೆರೆ. ಮುಖಕ್ಕೆ ಕಣ್ಣು ಮೂಗೂ ಬರೆದಿರಲಿಲ್ಲ. ಹೆಗಲ ಮೇಲೆ ಬಾಳೆಗೊನೆ. ಒಂದೇ ಹೆಜ್ಜೆ ಇಟ್ಟಳು, ಅಂಗಳದ ತುಂಬ ಒಂದೇ ದನಿ: "ಅಯ್ಯ, ನಮ್ಮ ನೀಲಾ!"

ಬಲಗಾಲು ಊರಿತು, ಮೈ ಇಳಿಯಿತು, ಎಡಗಾಲು ಮೇಲೆದ್ದಿತು. ಎಲ್ಲರೂ ಕಾದಿದ್ದ ಎಡಗಾಲು. ಸರಿಯಾಗಿ ಆಗ ಕರೆಂಟು ಹೋಯಿತು.

ಹುಡುಗಿಯ ಎಡಗಾಲು ಗಾಳಿಯಲ್ಲಿದೆ, ಅದು ನೆಟ್ಟಗೆ ನೆಲಕ್ಕೆ ಬರುತ್ತದೋ ಇಲ್ಲವೋ ಕಮಲಾಪುರಕ್ಕೆ ಗೊತ್ತಿಲ್ಲ. ಒಬ್ಬರೂ ಮನೆಗೆ ಹೋಗಲಿಲ್ಲ. ಇಬ್ಬರು ಸೈಕಲ್ ಹತ್ತಿ ಲೈನ್‌ಮನ್‌ನನ್ನು ಹುಡುಕಲು ಹೋದರು. ಸಾಯಬಣ್ಣನವರು ಕೆಂಪು ಬಾಳೆಹಣ್ಣು ಹಂಚಿದರು, ಅದನ್ನು ಯಾರೂ ಸುಲಿಯಲಿಲ್ಲ. ಆ ಹುಡುಗಿ ದಿನವೂ ಇವರ ಕಣ್ಣೆದುರೇ ನಡೆದವಳು. ಆಗ ಯಾರೂ ಅವಳನ್ನು ನಂಬಲಿಲ್ಲ, ಈಗ ಟಿವಿಯನ್ನು ನಂಬಲು ಕಾದು ಕೂತಿದ್ದರು. ನನಗೆ ಸಿಟ್ಟೂ ಬಂತು, ನಗೂ ಬಂತು.

ಬಹಳ ಹೊತ್ತಿನ ಮೇಲೆ ಕರೆಂಟು ಬಂತು. ಪರದೆಯ ಮೇಲೆ ಚೆಂಡು ಬಿದ್ದಿತು, ಪುಟಿಯಿತು.

"ಮತ್ತ ಚೆಂಡಾ? ಮುಂದ ಓಡ್ಸೋ ತಮ್ಮಾ!" ಎಂದು ಜನ ಕೂಗಿದರು.

ಮಕ್ಬೂಲ್ ಗುಂಡಿಗೆ ಕೈ ಹಾಕಿದ. ದೌಲಪ್ಪ ಆ ಕೈ ಹಿಡಿದ. "ಪಾಠ ಬಿಟ್ಟು ಮುಂದ ಹೋಗಂಗಿಲ್ಲ, ಸರ್."

ಇಡೀ ಊರು ಹಲ್ಲು ಕಚ್ಚಿಕೊಂಡು ಚೆಂಡು ನೋಡಿತು, ಚೀಲ ನೋಡಿತು. ಅವಳು ಮತ್ತೆ ಬಂದಳು. ಎಡಗಾಲು ಎದ್ದಿತು, ದಾಟಿತು, ಹಿಮ್ಮಡಿ ಊರಿತು. ಗೊನೆಯ ಭಾರಕ್ಕೆ ಮೈ ಇಷ್ಟೇ ಇಷ್ಟು ಇಳಿದು ಮೇಲೆದ್ದಿತು. ಮತ್ತೊಂದು ಹೆಜ್ಜೆ, ಮತ್ತೊಂದು. ಎಲ್ಲೂ ತಡೆಯಿಲ್ಲದೆ, ಯಾರ ಹಂಗಿಲ್ಲದೆ, ಅವಳು ಪರದೆಯ ಈ ಕಡೆಯಿಂದ ಆ ಕಡೆಗೆ ನಡೆದುಹೋದಳು. ನಾನು ಅವನ ಹತ್ತು ವರ್ಷದ ಪಕ್ಕದ ಮೇಜಿನವನು, ಅವನನ್ನು ನೋಡಿ ನಕ್ಕವರಲ್ಲಿ ಮೊದಲಿಗ. ಅವತ್ತು ಎದ್ದು ನಿಂತೇ ನೋಡಿದೆ.

ನೀಲಗಂಗಾಳ ತಾಯಿ ಜೋರಾಗಿ ಅಳತೊಡಗಿದಳು. "ಹೋಗೇ ಬಿಟ್ಲಲ್ಲೋ ಯಪ್ಪಾ! ಹೊಳ್ಳಿ ಹಿಂದ ಕರ್ಕೊಂಡು ಬರ್ರಿ!"

"ಹೊಳ್ಳೋ ಪಾಠ ಇನ್ನಾ ಆಗಿಲ್ಲಬೇ ಅಕ್ಕಾ" ಎಂದ ದೌಲಪ್ಪ, ನಿಜವಾದ ಸಂಕೋಚದಿಂದ.

ಊರು ಚಪ್ಪಾಳೆ ಹೊಡೆಯಿತು. ಸಾಯಬಣ್ಣನವರು ಬಂದು ದೌಲಪ್ಪನ ಹೆಗಲು ಹಿಡಿದರು. ಅಷ್ಟರಲ್ಲಿ ನೀಲಗಂಗಾ ಚೌಕಟ್ಟು ಬಿಟ್ಟು ಅಂಗಳದ ನಡುವೆ ಬಂದು ನಿಂತಳು.

"ನನ್ನ ನಡಿಗಿ ಮನ್ಯಾಗ ನೋಡಿದ್ರಿ, ಮಲಗಿ ನೋಡಿದ್ರಿ, ಈಗ ಟಿವ್ಯಾಗ ನೋಡಿದ್ರಿ. ಆತಲ್ಲ? ಈಗ ಮಾಸ್ತರ ನಡದು ತೋರಸ್ಲಿ."

ಗಂಡು ನಡೆದು ತೋರಿಸುವುದನ್ನು ನಮ್ಮ ಕಡೆ ಯಾರೂ ಕೇಳಿದವರಿಲ್ಲ. ಸಾಯಬಣ್ಣನವರು, "ಏ ನೀಲಾ..." ಎಂದು ಶುರುಮಾಡಿದರು. ಭಾಗಮ್ಮ ಕೈ ಎತ್ತಿ ಅವರನ್ನು ತಡೆದಳು.

"ಸರಿ ಕೇಳ್ಯಾಳ. ದೇವೀಂದ್ರಾ, ಏಳು!"

ದೇವೀಂದ್ರಪ್ಪ ಎದ್ದ. ಶಾಲೆಯಲ್ಲಿ ನೂರು ಮಕ್ಕಳನ್ನು ಸಾಲಾಗಿ ನಡೆಸುವವನು, ಆದರೆ ಅರ್ಧ ಕಮಲಾಪುರದ ಕಣ್ಣು ಒಟ್ಟಿಗೆ ಕಾಲ ಮೇಲೆ ಬಿದ್ದಾಗ ಎಲ್ಲ ಮರೆತುಹೋಯಿತು. ಎಡಗಾಲಿನ ಜೊತೆ ಎಡಗೈ ಹೋಯಿತು, ಬಲಗಾಲಿನ ಜೊತೆ ಬಲಗೈ ಹೋಯಿತು. ಕಟ್ಟೆಯ ತನಕ ಮರದ ಕುದುರೆಯ ಹಾಗೆ ಹೋಗಿ, ತಿರುಗುವಾಗ ಟಿವಿಯ ವೈರು ಎಡವಿ, ಮಕ್ಬೂಲನನ್ನು ಹಿಡಿದು ನಿಂತ. ಜನ ನಗಲಾರದೆ ಒದ್ದಾಡಿದರು.

"ಕೈ, ಕೈ! ಎಡಗಾಲ ಬಂದಾಗ ಬಲಗೈ ಬರಬೇಕೋ!" ಎಂದು ದೌಲಪ್ಪ ತಲೆ ಚಚ್ಚಿಕೊಂಡ.

ನೀಲಗಂಗಾ ದೇವೀಂದ್ರಪ್ಪನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, 'ಒಲ್ಲೆ' ಎನ್ನಲು ಬೇಕಾದ ಕಾರಣವೆಲ್ಲ ಅಲ್ಲೇ ಎದುರಿಗೆ ನಿಂತಿತ್ತು. ಭಾಗಮ್ಮ ಕಣ್ಣು ಮುಚ್ಚಿಕೊಂಡಳು. ನೀಲಗಂಗಾ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ತಂದೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಇರಲಿ ಬಿಡಪ್ಪಾ. ಮಾಮಾರು ಅದಾರಲ್ಲ, ಕಲಿಸ್ತಾರ."

ಕಾಕಾ ಹೋಗಿ ಮಾಮಾ, ಎಂದರೆ ಗಂಡನ ಮನೆಯ ಮಾವ, ಆಗಿದ್ದ. ಆ ಒಂದು ಮಾತಿನಲ್ಲಿ ಮದುವೆಯೂ ಗಟ್ಟಿಯಾಯಿತು, ನಮ್ಮ ದೌಲಪ್ಪ ಗುರುವೂ ಆದ. ಹೆಂಗಸರು ಅರಿಷಿಣ ಕುಂಕುಮ ತರಲು ಒಳಗೆ ಓಡಿದರು. ದೌಲಪ್ಪ ಕಣ್ಣೊರೆಸಿಕೊಂಡು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ದೇವೀಂದ್ರಪ್ಪನ ಮುಂದೆ ಹೋಗಿ ನಿಂತ.

"ಹಿಮ್ಮಡಿ ಮೊದಲ. ನನ್ನ ಹಿಂದ ಬಾ."

ಅವನು ಆ ಅಂಗಳದಲ್ಲಿ ಎದೆಯೆತ್ತಿ ನಡೆದ. ಹಿಂದೆ ದೇವೀಂದ್ರಪ್ಪ, ಅವನ ಹಿಂದೆ ಮಕ್ಬೂಲ್. ನನಗೂ ತಡೆಯಲಾಗಲಿಲ್ಲ, ಎದ್ದು ಸಾಲಿಗೆ ಸೇರಿಕೊಂಡೆ.